ಎರಡು ನಿಮಿಷದ ಭಯ: ವಿದ್ಯಾರ್ಥಿಯ ಕಿರುಚಿತ್ರವೂ ಭಯಾನಕ ರಸದ ಪಾಠವೂ

ಭಯಾನಕ ರಸದ ಪಾಠ ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ನಡೆಯುವ ಕ್ರಮ ಅಧ್ಯಾಪಕ ವರ್ಗಕ್ಕೆ ಚಿರಪರಿಚಿತವಾದುದು. ಸ್ಥಾಯಿಭಾವ ಭಯ, ವರ್ಣ ಕಪ್ಪು, ಅಧಿದೇವತೆ ಕಾಲ ಎಂದು ಆರಂಭವಾಗಿ, ವಿಭಾವ ಅನುಭಾವಗಳ ಒಂದು ಪಟ್ಟಿಯನ್ನು ಹಾದು, ರನ್ನನ 'ಗದಾಯುದ್ಧ'ದ ರಣರಂಗದ ಮರುಳುಗಳ ಉದಾಹರಣೆಯೊಂದಿಗೆ ಅದು ಮುಗಿಯುತ್ತದೆ. ಶೃಂಗಾರಕ್ಕೆ ಹಲವು ತರಗತಿಗಳು ಮೀಸಲಾದರೆ ಭಯಾನಕ, ಬೀಭತ್ಸ, ಅದ್ಭುತಗಳು ಒಂದೇ ಗಂಟೆಯೊಳಗೆ ಸರಿದುಹೋಗುವುದೂ ಉಂಟು. ವಿದ್ಯಾರ್ಥಿ ಪರೀಕ್ಷೆಯಲ್ಲಿ ಆ ಪಟ್ಟಿಯನ್ನು ಬರೆಯುತ್ತಾನೆ, ಅಂಕ ಪಡೆಯುತ್ತಾನೆ. ಕೃತಿಯೊಳಗೆ ಭಯ ಹೇಗೆ ಉಂಟಾಗುತ್ತದೆ, ಯಾವ ಸಣ್ಣ ತಪ್ಪಿನಿಂದ ಅದು ಕೆಟ್ಟು ನಗೆಪಾಟಲಾಗುತ್ತದೆ ಎಂಬುದನ್ನು ಅವನು ಒಮ್ಮೆಯಾದರೂ ತನ್ನ ಕೈಯಾರೆ ಪರೀಕ್ಷಿಸಿ ನೋಡಿರುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟ ಒಂದು ಬೋಧನಾ ಕ್ರಮ ಇಂಗ್ಲೆಂಡಿನ ಮಾಧ್ಯಮ ಅಧ್ಯಯನ ತರಗತಿಗಳಲ್ಲಿ ಸುಮಾರು ಒಂದು ದಶಕದ ಕಾಲ ನಡೆಯಿತು. ಅಲ್ಲಿನ ಓ.ಸಿ.ಆರ್. ಪರೀಕ್ಷಾ ಮಂಡಳಿ 2008ರಿಂದ ಜಾರಿಗೆ ತಂದ ಎ.ಎಸ್. ಹಂತದ ಪಠ್ಯಕ್ರಮದಲ್ಲಿ ಪ್ರಾಯೋಗಿಕ ಘಟಕವೊಂದಿತ್ತು. ಹದಿನಾರು ಹದಿನೇಳು ವಯಸ್ಸಿನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ, ಇಲ್ಲವೇ ಹೆಚ್ಚೆಂದರೆ ನಾಲ್ವರ ತಂಡವಾಗಿ, ಹೊಸದೊಂದು ಕಥಾಚಿತ್ರದ ಶೀರ್ಷಿಕೆಗಳನ್ನೂ ಆರಂಭದ ಭಾಗವನ್ನೂ ಚಿತ್ರಿಸಬೇಕು. ಅದು ಎರಡು ನಿಮಿಷವನ್ನು ಮೀರಬಾರದು. ಸಂಗೀತ ಮತ್ತು ಧ್ವನಿ ಪರಿಣಾಮಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲದ ಆಕರಗಳನ್ನು ಬಳಸಬಹುದೇ ಹೊರತು ಉಳಿದ ದೃಶ್ಯ, ಧ್ವನಿಗಳೆಲ್ಲವೂ ಅವರವೇ ಆಗಿರಬೇಕು. ಒಟ್ಟು 100 ಅಂಕಗಳಲ್ಲಿ ಸಂಶೋಧನೆ ಮತ್ತು ಯೋಜನೆಗೆ 20, ಚಿತ್ರ ನಿರ್ಮಾಣಕ್ಕೆ 60, ಕೊನೆಯ ಆತ್ಮವಿಮರ್ಶೆಗೆ 20. ಪತ್ರಿಕೆಯ ಪುಟ, ಜಾಲತಾಣ, ಧ್ವನಿ ಕಾರ್ಯಕ್ರಮ ಮೊದಲಾದ ಬೇರೆ ಆಯ್ಕೆಗಳೂ ಇದ್ದವು. ಆದರೆ ಚಿತ್ರದ ಆರಂಭವನ್ನು ಆರಿಸಿಕೊಂಡವರಲ್ಲಿ ಭಯಾನಕ ಚಿತ್ರದ ಕಡೆಗೆ ಒಲಿದವರು ಬಹಳ. ಅದಕ್ಕೆ ಕಾರಣ ಸರಳ: ಹಾರರ್ ಪ್ರಕಾರಕ್ಕೆ ದೊಡ್ಡ ನಟರು ಬೇಡ, ದೊಡ್ಡ ಸೆಟ್ಟು ಬೇಡ, ಒಂದು ಮನೆ, ಒಂದು ಹುಡುಗಿ, ಒಂದಿಷ್ಟು ಕತ್ತಲು ಸಾಕೆಂಬ ನಂಬಿಕೆ. 2017ರಲ್ಲಿ ಹೊಸ ಪಠ್ಯಕ್ರಮ ಬಂದ ಮೇಲೆ ಈ ಘಟಕ ಆ ರೂಪದಲ್ಲಿ ಉಳಿದಿಲ್ಲ. ಆದರೂ ಅದು ವಿದ್ಯಾರ್ಥಿಗಳಿಗೆ ಒದಗಿಸಿದ ಅನುಭವ ಕಾವ್ಯಮೀಮಾಂಸೆಯನ್ನು ಕಲಿಸುವವರು ಕುತೂಹಲದಿಂದ ಗಮನಿಸಬೇಕಾದದ್ದು.

ಇಂತಹ ತಂಡಗಳಲ್ಲಿ ನಡೆಯುವುದನ್ನು ಒಬ್ಬ ವಿದ್ಯಾರ್ಥಿನಿಯ ಅನುಭವವೆಂದು ಕಲ್ಪಿಸಿಕೊಂಡು ನೋಡಬಹುದು. ಮುಖ್ಯ ಕೆಲಸಕ್ಕೆ ಮುನ್ನ ಅವಳಿಗೆ ಒಂದು ಪೂರ್ವಾಭ್ಯಾಸ ಕಡ್ಡಾಯ. ಪಾತ್ರವೊಂದು ಬಾಗಿಲು ತೆರೆದು, ಕೋಣೆಯನ್ನು ದಾಟಿ, ಇನ್ನೊಂದು ಪಾತ್ರದ ಎದುರಿನ ಕುರ್ಚಿಯಲ್ಲಿ ಕುಳಿತು, ಒಂದೆರಡು ಮಾತನಾಡಬೇಕು. ಇಷ್ಟರಲ್ಲಿ ಮೂರು ವ್ಯಾಕರಣ ನಿಯಮಗಳನ್ನು ತೋರಿಸಬೇಕು: ಒಂದು ಶಾಟ್‌ನ ಕ್ರಿಯೆ ಮುಂದಿನ ಶಾಟ್‌ನಲ್ಲಿ ಕಡಿಯದೆ ಮುಂದುವರಿಯುವುದು, ಒಬ್ಬರನ್ನು ತೋರಿಸಿ ಬಳಿಕ ಅವರು ನೋಡುತ್ತಿರುವವರನ್ನು ತೋರಿಸುವ ಶಾಟ್ ಮತ್ತು ಮರುಶಾಟ್, ಕ್ಯಾಮೆರಾ ಇಬ್ಬರ ನಡುವಿನ ಕಲ್ಪಿತ ಗೆರೆಯನ್ನು ದಾಟದಿರುವ 180 ಡಿಗ್ರಿ ನಿಯಮ. ಕನ್ನಡದ ಮಗು ಕಾಗುಣಿತ ತಿದ್ದುವಂತೆ ಈ ಅಭ್ಯಾಸ. ಇದರಲ್ಲಿ ರಸವೇನೂ ಇಲ್ಲ. ಆದರೆ ಈ ಬಾಗಿಲು, ಈ ಕೋಣೆ, ಈ ಮರುಶಾಟ್ ಮುಂದೆ ಬೇರೆ ಅರ್ಥದಲ್ಲಿ ಮರಳಿ ಬರುತ್ತವೆ.

ಬಳಿಕ ಸಂಶೋಧನೆಯ ಹಂತ. ವಿದ್ಯಾರ್ಥಿನಿ ಪ್ರಸಿದ್ಧ ಭಯಾನಕ ಚಿತ್ರಗಳ ಆರಂಭವನ್ನು ನೋಡುತ್ತಾಳೆ. ಜಾನ್ ಕಾರ್ಪೆಂಟರನ 'ಹ್ಯಾಲೋವೀನ್' (1978) ಇಂತಹ ತರಗತಿಗಳ ಅಚ್ಚುಮೆಚ್ಚಿನ ಪಠ್ಯ. ಮನೆಯ ಹೊರಗಿನಿಂದ ಯಾರೋ ನೋಡುತ್ತಾರೆ, ಒಳಗೆ ಬರುತ್ತಾರೆ, ಅಡಿಗೆಮನೆಯಲ್ಲಿ ಚಾಕು ತೆಗೆಯುತ್ತಾರೆ, ಮುಖವಾಡ ಧರಿಸುತ್ತಾರೆ, ಆಗ ಪರದೆಯೇ ಎರಡು ಕಣ್ಣಿನ ರಂಧ್ರಗಳಾಗುತ್ತದೆ, ಕೊಲೆ ನಡೆಯುತ್ತದೆ. ಇಷ್ಟೂ ಕೊಲೆಗಾರನ ಕಣ್ಣಿನಿಂದಲೇ ಕಾಣುತ್ತದೆ. ಕೊನೆಗೆ ಮುಖವಾಡ ಕಳಚಿದಾಗ ಅಲ್ಲಿ ನಿಂತಿರುವುದು ಆರು ವರ್ಷದ ಹುಡುಗ. ಸ್ಟ್ಯಾನ್ಲಿ ಕೂಬ್ರಿಕ್‌ನ 'ದಿ ಶೈನಿಂಗ್' (1980) ಇದಕ್ಕೆ ತದ್ವಿರುದ್ಧವಾಗಿ ಹಾಡಹಗಲಿನಲ್ಲಿ, ಸುಂದರವಾದ ಪರ್ವತ ಪ್ರದೇಶದಲ್ಲಿ, ಆಕಾಶದಿಂದ ಕಾಣುವ ಒಂದು ಪುಟ್ಟ ಕಾರಿನಿಂದ ಆರಂಭವಾಗುತ್ತದೆ. ಕತ್ತಲಿಲ್ಲ, ಮನೆಯಿಲ್ಲ, ರಕ್ತವಿಲ್ಲ. ಮಧ್ಯಯುಗದ ಕ್ರೈಸ್ತ ಮೃತ್ಯುಗೀತೆಯೊಂದರ ಧಾಟಿಯನ್ನು ಆಧರಿಸಿದ ಸಂಗೀತ ಮಾತ್ರ ಆ ಕಾರನ್ನು ಹಿಂಬಾಲಿಸುತ್ತದೆ.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೂ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕದಲ್ಲಿ ಮೂಡುವುದು ಒಂದು ಪಟ್ಟಿ. ಪಾಳು ಮನೆ, ಒಂಟಿ ಹುಡುಗಿ, ಬಿಳಿ ಉಡುಪು, ಗೊಂಬೆ, ನಡುಗುವ ಕ್ಯಾಮೆರಾ, ನೆರಳು, ಕಿರುಚು. ಇವು 'ಪ್ರಕಾರದ ರೂಢಿಗಳು'. ಪಟ್ಟಿ ಮಾಡುವುದಕ್ಕೆ ಅವಳನ್ನು ಪ್ರೇರಿಸಿದ್ದು ಪರೀಕ್ಷಾ ಕ್ರಮವೇ. ಕೊನೆಯ ಆತ್ಮವಿಮರ್ಶೆಯ ಏಳು ಪ್ರಶ್ನೆಗಳಲ್ಲಿ ಮೊದಲನೆಯದೇ, ಈ ಕೃತಿ ಪ್ರಚಲಿತ ಮಾಧ್ಯಮ ಕೃತಿಗಳ ರೂಪ ಮತ್ತು ರೂಢಿಗಳನ್ನು ಹೇಗೆ ಬಳಸುತ್ತದೆ, ಬೆಳೆಸುತ್ತದೆ ಅಥವಾ ಪ್ರಶ್ನಿಸುತ್ತದೆ ಎಂಬುದು. ಪ್ರಶ್ನೆ ಮೊದಲೇ ಗೊತ್ತಿದ್ದಾಗ ಉತ್ತರಕ್ಕೆ ಅನುಕೂಲವಾಗುವ ಚಿತ್ರವನ್ನೇ ಮಾಡುವುದು ಯಾವ ದೇಶದ ವಿದ್ಯಾರ್ಥಿಗೂ ಸಹಜ. ಹೀಗೆ ರೂಢಿಗಳನ್ನು ಗುರುತಿಸುವ ವಿಶ್ಲೇಷಣೆಯ ಸಾಧನವೊಂದು ರೂಢಿಗಳನ್ನು ಉತ್ಪಾದಿಸುವ ಅಚ್ಚಾಗಿ ಮಾರ್ಪಡುತ್ತದೆ.

ಚಿತ್ರೀಕರಣಕ್ಕೆ ಇಳಿದಾಗ ಪಟ್ಟಿ ಎದುರಿಸುವ ಮೊದಲ ತೊಡಕು ಕತ್ತಲಿನದು. ಇಂಗ್ಲೆಂಡಿನ ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಬೆಳಕು ಇಳಿಯುವುದರಿಂದ ಕತ್ತಲಿಗೆ ಬರವಿಲ್ಲ. ಆದರೆ ದೀಪಗಳನ್ನೆಲ್ಲ ಆರಿಸಿ ತೆಗೆದ ದೃಶ್ಯ ಪರದೆಯ ಮೇಲೆ ಕಪ್ಪಾಗಿ ಕಾಣುವುದಿಲ್ಲ. ಸ್ವಯಂಚಾಲಿತ ಕ್ಯಾಮೆರಾ ಬೆಳಕಿಗಾಗಿ ತಡಕಾಡಿ, ಇಲ್ಲದ ಬೆಳಕನ್ನು ಹಿಗ್ಗಿಸಿ, ಬೂದು ಬಣ್ಣದ ಕಾಳುಕಾಳಾದ ಮಸುಕನ್ನು ಕೊಡುತ್ತದೆ. ಕತ್ತಲನ್ನು ಕಾಣಿಸಬೇಕಾದರೆ ಎಲ್ಲಿಯೋ ಒಂದು ಕಡೆ ದೀಪವಿರಬೇಕು, ಅದರ ಸುತ್ತ ಕತ್ತಲು ಅಳತೆಗೆ ಸಿಗಬೇಕು ಎಂಬುದು ಎರಡನೆಯ ಸಂಜೆಯ ತಿಳಿವು. ಇನ್ನೊಂದು ತೊಡಕು ಗೆಳತಿಯದು. ನಟಿಸಲು ಒಪ್ಪಿದವಳು ಕಿರುಚಬೇಕಾದಲ್ಲಿ ನಗುತ್ತಾಳೆ. ಹತ್ತನೆಯ ಸಲ ಕಿರುಚಿದಾಗ ಕ್ಯಾಮೆರಾ ಹಿಡಿದವನ ಕೈ ನಗೆಯಿಂದ ಅಲುಗುತ್ತದೆ.

ಮೊದಲ ಸಂಕಲನವನ್ನು ತರಗತಿಯಲ್ಲಿ ತೋರಿಸಿದಾಗ ಎದುರಾಗುವ ಆಘಾತ ಇನ್ನೂ ದೊಡ್ಡದು. ಗೊಂಬೆ ಕಂಡಾಗ ನಗು. ನೆರಳು ಸರಿದಾಗ ನಗು. ಕಿರುಚಿದಾಗ ಎಲ್ಲಕ್ಕಿಂತ ಜೋರು ನಗು. ಪಟ್ಟಿಯಲ್ಲಿದ್ದ ಸಾಮಗ್ರಿಯೆಲ್ಲ ತೆರೆಯ ಮೇಲೆ ಹಾಜರಿದೆ, ಭಯ ಒಂದು ಮಾತ್ರ ಗೈರುಹಾಜರು.

ಈ ಘಟ್ಟದಲ್ಲಿ ಆಗುವ ಕಲಿಕೆಯೇ ಇಲ್ಲಿ ವಿಚಾರಣೆಗೆ ಅರ್ಹವಾದುದು. ಚಿತ್ರ ಎರಡು ನಿಮಿಷ ಮೀರಿದೆ, ಏನನ್ನಾದರೂ ತೆಗೆಯಲೇಬೇಕು. ಕಾಲಮಿತಿಯ ಒತ್ತಡಕ್ಕೆ ಮೊದಲು ಹೋಗುವುದು ಗೊಂಬೆ. ಬಳಿಕ ನೆರಳು. ಕಿರುಚು ಹೋಗುವುದು ಕೊನೆಗೆ, ಬಹಳ ಚರ್ಚೆಯಾದ ಮೇಲೆ. ಉಳಿದದ್ದು ಇಷ್ಟು: ಹುಡುಗಿ ಬೀಗದ ಕೈ ತೆಗೆಯುತ್ತಾಳೆ, ಬಾಗಿಲು ಮೊದಲೇ ತೆರೆದಿದೆ. 'ಅಮ್ಮಾ' ಎನ್ನುತ್ತಾಳೆ. ಉತ್ತರವಿಲ್ಲ. ಅಡಿಗೆಮನೆಯ ಮೇಜಿನ ಮೇಲೆ ಒಂದು ಬಟ್ಟಲು, ಅದರಿಂದ ಇನ್ನೂ ಹಬೆ ಏಳುತ್ತಿದೆ. ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಸಿಕ್ಕಿಬಿದ್ದ ಫ್ರಿಜ್ಜಿನ ಗುಂಯ್ ಸದ್ದು ಚಿತ್ರೀಕರಣದ ದಿನ ತಂಡಕ್ಕೆ ದೊಡ್ಡ ಪೀಡೆಯಾಗಿತ್ತು. ಸಂಕಲನದಲ್ಲಿ ಅದನ್ನು ಒರೆಸಲಾಗದೆ ಹಾಗೆಯೇ ಉಳಿಸಿ, ಒಂದು ಕಡೆ ಥಟ್ಟನೆ ನಿಲ್ಲಿಸಿದಾಗ ಮೌನ ಕಿವಿಗೆ ಬಡಿಯುತ್ತದೆ. ಹುಡುಗಿ ತಿರುಗಿ ಒಂದು ಕಡೆ ನೋಡುತ್ತಾಳೆ. ಅವಳು ಏನನ್ನು ನೋಡಿದಳೆಂಬ ಮರುಶಾಟ್ ಇಲ್ಲ. ಚಿತ್ರದ ಹೆಸರು ಮೂಡುತ್ತದೆ. ಎರಡನೆಯ ಪ್ರದರ್ಶನದಲ್ಲಿ ಯಾರೂ ನಗುವುದಿಲ್ಲ. ಯಾರೋ ಒಬ್ಬರು ಅಲ್ಲಿ ಏನಿತ್ತೆಂದು ಕೇಳುತ್ತಾರೆ.

ಪೂರ್ವಾಭ್ಯಾಸದಲ್ಲಿ ಮರುಶಾಟ್ ಕೊಡುವುದನ್ನು ಕಲಿತಿದ್ದ ವಿದ್ಯಾರ್ಥಿನಿ ಮುಖ್ಯ ಕೃತಿಯಲ್ಲಿ ಅದನ್ನು ತಡೆಹಿಡಿಯುವುದನ್ನು ಕಲಿತಳು. ಆತ್ಮವಿಮರ್ಶೆಯ ಏಳನೆಯ ಪ್ರಶ್ನೆ ಪೂರ್ವಾಭ್ಯಾಸದಿಂದ ಪೂರ್ಣಕೃತಿಯವರೆಗೆ ಏನು ಕಲಿತಿರಿ ಎಂದು ಕೇಳುತ್ತದೆ. ಅದಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರವಿಲ್ಲ. ಅಂಕ ನೀಡುವ ಮಾನದಂಡಗಳಲ್ಲಿ ಚೌಕಟ್ಟಿನೊಳಗೆ ಯಾವುದನ್ನು ಸೇರಿಸಬೇಕು, ಯಾವುದನ್ನು ಹೊರಗಿಡಬೇಕು ಎಂಬ ವಿವೇಕವೂ ಸೇರಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಈ ಕಲಿಕೆಯನ್ನು ವಿವರಿಸುವ ಪರಿಭಾಷೆ ವಿದ್ಯಾರ್ಥಿನಿಯ ಬಳಿ ಇಲ್ಲ. ಅವಳಿಗೆ ಕೊಟ್ಟಿರುವುದು 'ರೂಢಿ' ಎಂಬ ಒಂದು ಪದ. ಗೊಂಬೆಯನ್ನು ತೆಗೆದದ್ದನ್ನು ಅವಳು 'ರೂಢಿಯನ್ನು ಪ್ರಶ್ನಿಸಿದ್ದೇವೆ' ಎಂದು ಬರೆಯುತ್ತಾಳೆ. ಅದು ನಿಜವಲ್ಲ. ಗೊಂಬೆ ಕೆಲಸ ಮಾಡಲಿಲ್ಲ, ಆದ್ದರಿಂದ ತೆಗೆದರು. ಏಕೆ ಕೆಲಸ ಮಾಡಲಿಲ್ಲ ಎಂಬುದು ಏಳು ಪ್ರಶ್ನೆಗಳಲ್ಲಿ ಯಾವುದರ ವ್ಯಾಪ್ತಿಗೂ ನೇರವಾಗಿ ಬರುವುದಿಲ್ಲ. ಸಾಮಾಜಿಕ ಗುಂಪುಗಳ ಚಿತ್ರಣ, ವಿತರಣೆ ಮಾಡಬಹುದಾದ ಸಂಸ್ಥೆ, ಪ್ರೇಕ್ಷಕ ವರ್ಗ, ಅವರನ್ನು ಸೆಳೆದ ಬಗೆ, ತಂತ್ರಜ್ಞಾನದ ಕಲಿಕೆ ಇವು ಉಳಿದ ಪ್ರಶ್ನೆಗಳು.

ಕನ್ನಡ ಕಾವ್ಯಮೀಮಾಂಸೆಯ ತರಗತಿಯಲ್ಲಿ ಇರುವ ಸ್ಥಿತಿ ಇದಕ್ಕೆ ಸರಿಯಾಗಿ ತಿರುವುಮುರುವು. ಅಲ್ಲಿ ಕೃತಿಯಿದೆ, ಪರಿಭಾಷೆಯಿಲ್ಲ. ಇಲ್ಲಿ ಪರಿಭಾಷೆಯಿದೆ, ಅದನ್ನು ಒರೆಗೆ ಹಚ್ಚುವ ಕೃತಿರಚನೆಯಿಲ್ಲ.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಭಯಾನಕದ ವಿಭಾವಗಳನ್ನು ಹೇಳುವ ಭಾಗವನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಿದರೆ ಆಶ್ಚರ್ಯವಾಗುತ್ತದೆ. ವಿಕೃತವಾದ ಧ್ವನಿ, ಭೂತಾದಿ ಸತ್ತ್ವಗಳ ದರ್ಶನ, ನರಿ ಗೂಬೆಗಳಿಂದಾಗುವ ತ್ರಾಸ, ಶೂನ್ಯಗೃಹ, ಅರಣ್ಯಗಮನ, ತನ್ನವರ ವಧೆಯನ್ನೋ ಬಂಧನವನ್ನೋ ಕಾಣುವುದು ಇಲ್ಲವೇ ಕೇಳುವುದು ಹೀಗೆ ಆ ಪಟ್ಟಿ ಸಾಗುತ್ತದೆ. ಇಂಗ್ಲೆಂಡಿನ ಹುಡುಗಿಯ ಟಿಪ್ಪಣಿ ಪುಸ್ತಕದ ಪಾಳು ಮನೆ ಅಲ್ಲಿಯೂ ಇದೆ. ಎಲ್ಲವೂ ಮೊದಲೇ ನಮ್ಮಲ್ಲಿತ್ತೆಂದು ಹೆಮ್ಮೆಪಡುವ ಸುಲಭದ ದಾರಿಗೆ ಇದು ಆಹ್ವಾನವಾಗಬಾರದು. ಖಾಲಿ ಮನೆಗೆ ಹೆದರಲು ಮನುಷ್ಯನಿಗೆ ಯಾವ ಶಾಸ್ತ್ರವೂ ಬೇಕಿಲ್ಲ. ಗಮನಿಸಬೇಕಾದುದು ಬೇರೆ. ಭರತನ ಪಟ್ಟಿಯಲ್ಲಿ ಮೊದಲು ಬರುವುದು ಧ್ವನಿ. ಮತ್ತು ಆ ಪಟ್ಟಿ ಪಟ್ಟಿಯಾಗಿಯೇ ನಿಲ್ಲುವುದಿಲ್ಲ. ವಿಭಾವ, ಅನುಭಾವ, ವ್ಯಭಿಚಾರಿಗಳ ಸಂಯೋಗದಿಂದ ರಸನಿಷ್ಪತ್ತಿ ಎಂಬ ಸೂತ್ರದ ಅಧೀನದಲ್ಲಿ ಅದು ಇದೆ. ರೂಢಿ ಎಂಬುದು ಒಂಟಿಯಾಗಿ ನಿಲ್ಲಬಲ್ಲ ವಸ್ತು. ವಿಭಾವ ಎಂಬುದು ಮತ್ತೊಂದರೊಡನೆ ಕೂಡಿದಾಗ ಮಾತ್ರ ವಿಭಾವ. ಗೊಂಬೆ ರೂಢಿಯಾಗಿ ತೆರೆಯ ಮೇಲಿತ್ತು, ವಿಭಾವವಾಗಲಿಲ್ಲ. ಹಬೆಯಾಡುವ ಬಟ್ಟಲು ಯಾವ ಹಾರರ್ ಚಿತ್ರದ ರೂಢಿಯೂ ಅಲ್ಲ. ತೆರೆದ ಬಾಗಿಲು, ಸಿಗದ ಉತ್ತರ ಇವುಗಳೊಡನೆ ಕೂಡಿದ್ದರಿಂದ ಅದು ವಿಭಾವವಾಯಿತು.

ಧ್ವನಿಯ ವಿಷಯದಲ್ಲಿ ಕಾರ್ಪೆಂಟರನ ಅನುಭವವೊಂದು ಪ್ರಸಿದ್ಧವಾಗಿದೆ. ಸಂಗೀತವನ್ನೂ ಧ್ವನಿ ಪರಿಣಾಮಗಳನ್ನೂ ಸೇರಿಸದ 'ಹ್ಯಾಲೋವೀನ್' ಪ್ರತಿಯನ್ನು ಚಿತ್ರಸಂಸ್ಥೆಯೊಂದರ ಅಧಿಕಾರಿಣಿಗೆ ತೋರಿಸಿದಾಗ ಆಕೆಗೆ ಕಿಂಚಿತ್ತೂ ಹೆದರಿಕೆಯಾಗಲಿಲ್ಲವೆಂದೂ, ಸಂಗೀತದಿಂದಲೇ ಚಿತ್ರವನ್ನು ಉಳಿಸಬೇಕೆಂದು ತಾನು ಆಗ ನಿಶ್ಚಯಿಸಿದೆನೆಂದೂ ಆತ ಹೇಳಿಕೊಂಡಿದ್ದಾನೆ. ಆ ಸಂಗೀತವನ್ನು ರಚಿಸಿದವನೂ ಆತನೇ. ವಿಕೃತರವವನ್ನು ಪಟ್ಟಿಯ ತಲೆಗಿಟ್ಟ ಶಾಸ್ತ್ರಕಾರನಿಗೆ ಈ ಸಂಗತಿ ವಿಚಿತ್ರವೆನಿಸುತ್ತಿರಲಿಲ್ಲ.

ಕಿರುಚು ಏಕೆ ಸೋತಿತೆಂಬ ಪ್ರಶ್ನೆಗೂ ಮೀಮಾಂಸೆಯಲ್ಲಿ ಉತ್ತರವಿದೆ. ಕಿರುಚು ಅನುಭಾವ. ವಿಭಾವ ಪ್ರೇಕ್ಷಕನಲ್ಲಿ ನೆಲೆಗೊಳ್ಳುವ ಮೊದಲೇ ಅನುಭಾವ ಅಬ್ಬರಿಸಿದರೆ ಪಾತ್ರದ ಭಯ ಪಾತ್ರದ ಸ್ವಂತ ವ್ಯವಹಾರವಾಗಿ ಉಳಿಯುತ್ತದೆ. ನೋಡುವವನು ಹೊರಗೆ ನಿಂತು ಅದನ್ನು ನೋಡುತ್ತಾನೆ, ನಗುತ್ತಾನೆ. ಆದರೆ ಕೊನೆಯ ಆವೃತ್ತಿಯಲ್ಲಿಯೂ ವಿಭಾವ ಪೂರ್ಣವಾಗಿ ಕಾಣಿಸಲಿಲ್ಲವಲ್ಲ, ಹುಡುಗಿ ತಿರುಗಿ ನೋಡಿದ್ದು ಏನೆಂಬುದು ಅಡಗಿಯೇ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಈ ಆಕ್ಷೇಪವನ್ನು ಮಮ್ಮಟ ಎಂದೋ ಎದುರಿಸಿದ್ದಾನೆ. ಮೂರರಲ್ಲಿ ಒಂದು ಮಾತ್ರ ಉಕ್ತವಾಗಿದ್ದು ಅದು ಆ ರಸಕ್ಕೆ ಅಸಾಧಾರಣವಾಗಿದ್ದರೆ, ಉಳಿದೆರಡನ್ನು ಅದೇ ಆಕ್ಷೇಪಿಸಿ ತರುತ್ತದೆ ಎಂದು 'ಕಾವ್ಯಪ್ರಕಾಶ' ಹೇಳುತ್ತದೆ. ತಡೆಹಿಡಿದ ಮರುಶಾಟ್ ಎಂಬುದು ಈ ಮಾತಿನ ಪ್ರಯೋಗಸಿದ್ಧ ರೂಪ. ತಿರುಗಿದ ಕತ್ತು ಅನುಭಾವ. ಅದು ಎಳೆದು ತರುವ ವಿಭಾವವನ್ನು ಪ್ರೇಕ್ಷಕ ತನ್ನೊಳಗಿನಿಂದ ಒದಗಿಸಿಕೊಳ್ಳುತ್ತಾನೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಮಮ್ಮಟನ ಈ ವಾಕ್ಯ ಒಣ ತಾರ್ಕಿಕ ಸಮಾಧಾನದಂತೆ ಕಾಣುವುದು, ಅದು ಯಾವ ಸಮಸ್ಯೆಗೆ ಸಮಾಧಾನವೆಂಬುದು ಅವನ ಅನುಭವಕ್ಕೆ ಬಾರದಿರುವುದರಿಂದ.

ತಿರುಗಿದ ಕತ್ತು ಎಂದೊಡನೆ ನೆನಪಾಗಬೇಕಾದುದು ಶಾಕುಂತಲದ ಜಿಂಕೆ. ಕಾಳಿದಾಸನ ನಾಟಕದ ಪ್ರಸ್ತಾವನೆ ಮುಗಿದ ಕೂಡಲೇ ರಂಗಕ್ಕೆ ಬರುವುದು ಬೇಟೆ. ದುಷ್ಯಂತನ ರಥ ಬೆನ್ನಟ್ಟುತ್ತಿದೆ. ಓಡುತ್ತಿರುವ ಜಿಂಕೆ ಮತ್ತೆ ಮತ್ತೆ ಕತ್ತು ಹೊರಳಿಸಿ ಹಿಂದಿನ ರಥವನ್ನು ನೋಡುತ್ತದೆ. ಬಾಣ ಬಿದ್ದೀತೆಂದು ಮೈ ಕುಗ್ಗಿಸುತ್ತದೆ. ಅರ್ಧ ಅಗಿದ ಹುಲ್ಲು ಬಾಯಿಂದ ದಾರಿಯುದ್ದಕ್ಕೂ ಉದುರುತ್ತದೆ. ಬಾಣ ಇನ್ನೂ ಬಿದ್ದಿಲ್ಲ. ಇದು ಕೂಡ ಒಂದು 'ಆರಂಭ'ವೇ. ಶೃಂಗಾರದ ಮಹಾನಾಟಕವೊಂದು ತೆರೆದುಕೊಳ್ಳುವುದು ಒಂದು ಪ್ರಾಣಿಯ ಭಯದಿಂದ. ಬಸವಪ್ಪ ಶಾಸ್ತ್ರಿಗಳ 'ಕರ್ಣಾಟಕ ಶಾಕುಂತಲ ನಾಟಕ'ದ ಮೂಲಕ ಈ ದೃಶ್ಯ ಕನ್ನಡದ ಓದುಗರಿಗೂ ಹಳೆಯ ಪರಿಚಯ. ಅಭಿನವಗುಪ್ತ ರಸಸೂತ್ರದ ವ್ಯಾಖ್ಯಾನದಲ್ಲಿ ರಸಪ್ರತೀತಿಯ ಸ್ವರೂಪವನ್ನು ವಿವರಿಸುವಾಗ ಈ ಪದ್ಯವನ್ನೇ ಎತ್ತಿಕೊಳ್ಳುತ್ತಾನೆ. ಆ ಜಿಂಕೆ ಇಂತಹ ಒಂದು ಜಿಂಕೆಯೆಂಬ ವಿಶೇಷ ಕಳಚಿ, ಹೆದರಿಸುವವನೂ ವಾಸ್ತವದವನಲ್ಲವಾಗಿ, ದೇಶಕಾಲಗಳ ಸೋಂಕಿಲ್ಲದ ಭಯವೊಂದೇ ಸಹೃದಯನ ಪ್ರತೀತಿಗೆ ಬರುತ್ತದೆ ಎಂಬುದು ಅವನ ನಿರೂಪಣೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953) ಪ್ರಕಟವಾದ ಬಳಿಕ ಸಾಧಾರಣೀಕರಣವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಕ್ಕೆ ಕೊರತೆಯಿಲ್ಲ. ಅಭಿನವಗುಪ್ತನ ಆ ಉದಾಹರಣೆ ಶೃಂಗಾರದ್ದಾಗಿರದೆ ಭಯದ್ದಾಗಿದೆ ಎಂಬ ಅಂಶ ಮಾತ್ರ ತರಗತಿಗಳಲ್ಲಿ ಸಾಕಷ್ಟು ಒತ್ತು ಪಡೆದಿಲ್ಲ. ಭಯ ನಿಜಜೀವನದಲ್ಲಿ ಮನುಷ್ಯ ತಪ್ಪಿಸಿಕೊಳ್ಳಲು ಬಯಸುವ ಅನುಭವ. ಆದ್ದರಿಂದ ಲೌಕಿಕಕ್ಕೂ ರಸಕ್ಕೂ ಇರುವ ಅಂತರ ಅಲ್ಲಿ ಎಲ್ಲಕ್ಕಿಂತ ಸ್ಫುಟವಾಗಿ ಕಾಣುತ್ತದೆ. ಹಾರರ್ ಚಿತ್ರದಲ್ಲಿ ಹಠಾತ್ತನೆ ದೊಡ್ಡ ಸದ್ದು ಬಂದಾಗ ಮೈ ಬೆಚ್ಚುವುದು ಲೌಕಿಕ ಪ್ರತಿಕ್ರಿಯೆ. ಪಟಾಕಿಗೂ ಮೈ ಬೆಚ್ಚುತ್ತದೆ. ಫ್ರಿಜ್ಜಿನ ಸದ್ದು ನಿಂತಾಗ ಆಗುವುದು ಬೇರೆ.

ಇನ್ನು ಗೆಳೆಯರ ನಗು. ಅದನ್ನು ವಿದ್ಯಾರ್ಥಿನಿ ತನ್ನ ವರದಿಯಲ್ಲಿ ಮುಚ್ಚಿಟ್ಟಿರುತ್ತಾಳೆ ಅಥವಾ 'ಪ್ರೇಕ್ಷಕರ ಪ್ರತಿಕ್ರಿಯೆ ಮಿಶ್ರವಾಗಿತ್ತು' ಎಂದು ತೇಲಿಸಿರುತ್ತಾಳೆ. ಅಭಿನವಗುಪ್ತ ಎಣಿಸುವ ಏಳು ರಸವಿಘ್ನಗಳ ಬೆಳಕಿನಲ್ಲಿ ಅದನ್ನು ಸೋಲೆಂದು ಮುಚ್ಚಿಡುವ ಅಗತ್ಯವಿಲ್ಲ. ಅದನ್ನು ಬಿಡಿಸಿ ನೋಡಬಹುದು. ಗೊಂಬೆಗೆ ನಕ್ಕದ್ದು ಸಂಭವನೀಯತೆಯ ಅಭಾವದಿಂದ: ಹದಿನೇಳರ ಹುಡುಗಿಯ ಅಡಿಗೆಮನೆಯಲ್ಲಿ ಆ ಗೊಂಬೆ ಏಕಿದೆಯೆಂದು ಯಾರಿಗೂ ನಂಬಿಕೆ ಬರಲಿಲ್ಲ. ನೆರಳಿಗೆ ನಕ್ಕದ್ದು ಪ್ರತೀತಿಯ ಉಪಾಯದ ಕೊರತೆಯಿಂದ: ಬೂದು ಮಸುಕಿನಲ್ಲಿ ಅದು ನೆರಳೋ ಸಹಪಾಠಿಯ ಜಾಕೆಟ್ಟೋ ಗೊತ್ತಾಗಲಿಲ್ಲ. ಕಿರುಚಿಗೆ ನಕ್ಕದ್ದರಲ್ಲಿ ಮೇಲೆ ಹೇಳಿದ ಅನುಭಾವದ ದೋಷದ ಜೊತೆಗೆ ಇನ್ನೊಂದಿದೆ. ತೆರೆಯ ಮೇಲಿರುವವಳು ನಿತ್ಯ ಪಕ್ಕದ ಬೆಂಚಿನಲ್ಲಿ ಕೂರುವವಳು. ನೋಡುವವರಿಗೆ ಪಾತ್ರ ಕಾಣದೆ ಗೆಳತಿ ಕಂಡಳು. ದೇಶ, ಕಾಲ, ವ್ಯಕ್ತಿಯ ವಿಶೇಷ ಅಳಿಯಲಿಲ್ಲ. ಈ ವಿಘ್ನಕ್ಕೆ ಅಭಿನವಗುಪ್ತ ಸೂಚಿಸುವ ಪರಿಹಾರ ಪೂರ್ವರಂಗ, ವೇಷ, ಕಿರೀಟಾದಿಗಳಿಂದ ನಟನ ನಿಜಸ್ವರೂಪವನ್ನು ಮರೆಮಾಡುವುದು. ಕೊನೆಯ ಆವೃತ್ತಿಯಲ್ಲಿ ಮೊದಲ ಅರ್ಧ ನಿಮಿಷ ಹುಡುಗಿಯ ಮುಖ ಕಾಣದೆ, ಬೀಗದ ಕೈ ಹಿಡಿದ ಕೈಯೂ ಬೆನ್ನೂ ಮಾತ್ರ ಕಂಡು, ಶೀರ್ಷಿಕೆಗಳು ಅವುಗಳ ಮೇಲೆ ಸರಿದರೆ ಅದೂ ಒಂದು ಬಗೆಯ ಪೂರ್ವರಂಗ. ಮುಖ ಕಾಣುವ ಹೊತ್ತಿಗೆ ಗೆಳತಿ ಹಿಂದೆ ಸರಿದಿರುತ್ತಾಳೆ.

ಇಷ್ಟು ಹೇಳಿದ ಮೇಲೆ ಇಂಗ್ಲೆಂಡಿನ ಪ್ರಶ್ನಾವಳಿಯಿಂದ ಕಾವ್ಯಮೀಮಾಂಸೆಯ ತರಗತಿ ಕಲಿಯಬೇಕಾದ ಒಂದು ಸಂಗತಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದರ ಎರಡನೆಯ ಪ್ರಶ್ನೆ, ಕೃತಿ ನಿರ್ದಿಷ್ಟ ಸಾಮಾಜಿಕ ಗುಂಪುಗಳನ್ನು ಹೇಗೆ ಚಿತ್ರಿಸುತ್ತದೆ ಎಂಬುದು. ಹೆದರುವವಳು ಏಕೆ ಯಾವಾಗಲೂ ಹುಡುಗಿ, ಅವಳನ್ನು ನೋಡುತ್ತಿರುವ ಕಣ್ಣು ಯಾರದು ಎಂದು ಹದಿನೇಳರ ವಿದ್ಯಾರ್ಥಿನಿ ತನ್ನ ಕೃತಿಯನ್ನೇ ಎದುರಿಗಿಟ್ಟುಕೊಂಡು ಕೇಳಿಕೊಳ್ಳಬೇಕಾಗುತ್ತದೆ. ಭಯಾನಕ ರಸ ಸ್ತ್ರೀಯರಲ್ಲೂ ನೀಚ ಪ್ರಕೃತಿಯವರಲ್ಲೂ ಇರುವುದೆಂದು ಸಂಸ್ಕೃತ ಪರಂಪರೆ ಸಲೀಸಾಗಿ ಹೇಳಿಬಿಡುತ್ತದೆ. ಆ ಮಾತನ್ನು ಟಿಪ್ಪಣಿಯಲ್ಲಿ ಬರೆಸಿ ಮುಂದೆ ಹೋಗುವ ತರಗತಿಗೆ ಈ ಪ್ರಶ್ನೆ ಬೇಕು. ಸಾಧಾರಣೀಕರಣದ ಹೆಸರಿನಲ್ಲಿ ಯಾರ ಭಯವನ್ನು ಯಾರ ಆಸ್ವಾದಕ್ಕೆ ಒಪ್ಪಿಸಲಾಗುತ್ತಿದೆ ಎಂಬುದನ್ನು ಕೇಳದೆ ರಸಚರ್ಚೆ ಇಂದು ಮುಂದುವರಿಯಲಾರದು.

ಕನ್ನಡ ವಿಭಾಗಗಳು ಚಲನಚಿತ್ರ ಶಾಲೆಗಳಾಗಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಸಿನಿಮಾವನ್ನು ಸಾಹಿತ್ಯದ ಜೊತೆಗಿಟ್ಟು ಗಂಭೀರವಾಗಿ ನೋಡುವುದನ್ನು ಹೆಗ್ಗೋಡಿನ ನೀನಾಸಮ್‌ನಂತಹ ಸಂಸ್ಥೆ ವಿಶ್ವವಿದ್ಯಾಲಯಗಳ ಹೊರಗೆ ನಿಂತು ದಶಕಗಳ ಹಿಂದೆಯೇ ಕನ್ನಡ ಓದುಗರಿಗೆ ಕಲಿಸಿತು. ವಿಭಾಗಗಳು ಮಾಡಬಹುದಾದುದು ಅದಕ್ಕಿಂತ ಚಿಕ್ಕದು: ರಸಸಿದ್ಧಾಂತದ ಪತ್ರಿಕೆಯ ಆಂತರಿಕ ಮೌಲ್ಯಮಾಪನದಲ್ಲಿ ಪ್ರಬಂಧವೊಂದರ ಬದಲಿಗೆ ಎರಡು ನಿಮಿಷದ ಒಂದು ರಚನೆಯನ್ನೂ, ಅದು ಎಲ್ಲಿ ಸೋತಿತೆಂಬ ನಾಲ್ಕು ಪುಟದ ವಿವರಣೆಯನ್ನೂ ಕೇಳುವುದು. ಉಪಕರಣಕ್ಕೆ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಸಾಕು. ಚಿತ್ರ ಬೇಡವೆನ್ನುವವರು ಧ್ವನಿಯನ್ನಷ್ಟೇ ಮುದ್ರಿಸಬಹುದು. ಭಯಾನಕಕ್ಕೆ ಅದೇ ಲೇಸಾಗಲೂಬಹುದು. ಹೀಗೆ ಮಾಡಿದರೆ ಶಾಸ್ತ್ರದ ಘನತೆ ಕುಂದುವುದೆಂಬ ಅಂಜಿಕೆಗೆ ಆಧಾರವಿಲ್ಲ. ನಾಟ್ಯಶಾಸ್ತ್ರ ಪ್ರಯೋಗ ಮಾಡುವವರಿಗಾಗಿ ಹುಟ್ಟಿದ ಗ್ರಂಥ. ನಿಜವಾದ ತೊಡಕು ಅಂಕಗಳದು. ಇಂಗ್ಲೆಂಡಿನ ಕ್ರಮದಲ್ಲಿ ನಿರ್ಮಾಣಕ್ಕೆ 60 ಅಂಕ, ಆತ್ಮವಿಮರ್ಶೆಗೆ 20. ಕನ್ನಡ ತರಗತಿಯಲ್ಲಿ ಈ ಪ್ರಮಾಣವನ್ನು ತಿರುಗಿಸಬೇಕಾಗುತ್ತದೆ. ಒಳ್ಳೆಯ ಕ್ಯಾಮೆರಾ ಇರುವವನ ನುಣುಪಾದ ಚಿತ್ರಕ್ಕಿಂತ, ತನ್ನ ಚಿತ್ರಕ್ಕೆ ಗೆಳೆಯರು ಏಕೆ ನಕ್ಕರೆಂದು ವಿಘ್ನಗಳ ಪರಿಭಾಷೆಯಲ್ಲಿ ಬಿಡಿಸಿ ಹೇಳಿದವನಿಗೆ ಹೆಚ್ಚು ಅಂಕ ದೊರೆಯಬೇಕು. ಸೋಲನ್ನು ಒಪ್ಪಿಕೊಂಡರೆ ಅಂಕ ಹೋದೀತೆಂಬ ಹೆದರಿಕೆ ಉಳಿದಿರುವವರೆಗೆ ವಿದ್ಯಾರ್ಥಿ ಇಲ್ಲಿಯೂ 'ಪ್ರತಿಕ್ರಿಯೆ ಮಿಶ್ರವಾಗಿತ್ತು' ಎಂದೇ ಬರೆಯುತ್ತಾನೆ.

ಆರಂಭಕ್ಕೆ ಜನ್ನನ 'ಯಶೋಧರ ಚರಿತೆ'ಯನ್ನು (1209) ತೆಗೆದುಕೊಳ್ಳಬಹುದು. ವಸಂತದ ದಿನಗಳಲ್ಲಿ ರಾಜಪುರದ ಚಂಡಮಾರಿಯ ಜಾತ್ರೆ. ಬಲಿಗಾಗಿ ತಂದ ಪ್ರಾಣಿಗಳು. ಕತ್ತಿ ಹಿಡಿದು ನಿಂತ ಮಾರಿದತ್ತ. ನರಬಲಿಗೆಂದು ಹಿಡಿದು ತಂದ ಅಣ್ಣ ತಂಗಿ ಅಭಯರುಚಿ, ಅಭಯಮತಿಯರು. ಇದನ್ನು ಎರಡು ನಿಮಿಷದಲ್ಲಿ ತೋರಿಸಹೊರಟ ವಿದ್ಯಾರ್ಥಿ ಕೂಡಲೇ ಒಂದು ಪ್ರಶ್ನೆಯ ಎದುರು ನಿಲ್ಲುತ್ತಾನೆ: ದೇವಿಯ ವಿಗ್ರಹವನ್ನು ತೋರಿಸಬೇಕೇ, ಇಲ್ಲ ವಿಗ್ರಹದ ಕಡೆಗೆ ತಿರುಗಿದ ಮುಖಗಳನ್ನಷ್ಟೇ ತೋರಿಸಬೇಕೇ? ಅದಕ್ಕಿಂತ ಕಠಿಣವಾದುದು ಆ ಮಕ್ಕಳ ಮುಖ. ಎಲ್ಲ ವಿಭಾವಗಳೂ ನೆರೆದ ಆ ಜಾಗದಲ್ಲಿ ಅವರಿಬ್ಬರಲ್ಲಿ ಭಯದ ಒಂದು ಅನುಭಾವವೂ ಇಲ್ಲ. ಅಣ್ಣ ತಂಗಿಗೆ ಧೈರ್ಯ ಹೇಳುತ್ತಿದ್ದಾನೆ. ಹೆದರದವರನ್ನು ತೋರಿಸಿ ನೋಡುವವನಲ್ಲಿ ಭಯವನ್ನು ಹೇಗೆ ಉಳಿಸುವುದು, ಅಥವಾ ಆ ಕ್ಷಣದಿಂದ ಭಯ ರಾಜನ ಕಡೆಗೆ ಸರಿಯುತ್ತದೆಯೇ ಎಂಬುದನ್ನು ವಿದ್ಯಾರ್ಥಿ ಸಂಕಲನದ ಮೇಜಿನ ಮೇಲೆ, ಒಂದು ಶಾಟ್ ಇಟ್ಟು ಒಂದನ್ನು ತೆಗೆದು, ತಾನೇ ನಿರ್ಧರಿಸಬೇಕು.